ದಾವಣಗೆರೆಲಿ ಗ್ರೂಪ್ ಟ್ರೈನಿಂಗ್: ಸೇರೋ ಮುಂಚೆ, ಸೇರಿದ ಮೇಲೆ ಎಲ್ರೂ ಕೇಳೋ ಪ್ರಶ್ನೆಗಳು

ಬೆಳಿಗ್ಗೆ ಬ್ಯಾಚ್ ಮುಗಿಸಿ ಬಾಗಿಲ ಹತ್ರ ನಿಂತಾಗ, ಫೋನಲ್ಲಿ, ವಾಟ್ಸಾಪಲ್ಲಿ ನಮ್ಮ ಹೈ ಇಂಟೆನ್ಸಿಟಿ (ಅಂದ್ರೆ ಜೋರು) ಗ್ರೂಪ್ ಕ್ಲಾಸ್ ಬಗ್ಗೆ ಜನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅದಕ್ಕೆ ಎಲ್ಲದಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟಿದೀವಿ. ಕೆಲವು ಉದ್ದ ಆಗಿದಾವೆ, ವಿಷಯ ಅಷ್ಟು ಮುಖ್ಯ ಇರೋದ್ರಿಂದ. ಬೇರೆ ಯಾವ್ದು ಬಿಟ್ರೂ ಹಾರ್ಟಿಂದು ಮತ್ತೆ ಮೊದಲ ತಿಂಗಳಿಂದು, ಈ ಎರಡನ್ನ ಮಾತ್ರ ದಯವಿಟ್ಟು ಪೂರ್ತಿ ಓದಿ.

ಮಾಮೂಲಿ ಜಿಮ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಜಿಮ್ಮಲ್ಲಿ ನಿಮಗೆ ಬೇಕಾದ ಟೈಮಿಗೆ ಹೋಗ್ತೀರಿ, ಯಾವ ಮಷೀನ್ ಖಾಲಿ ಐತೋ ಅದರ ಮೇಲೆ ಕೂರ್ತೀರಿ, ಟ್ರೈನರ್ ಪುರುಸೊತ್ತಿದ್ರೆ ನೋಡ್ತಾರೆ. ಇಲ್ಲಿ ಹತ್ತು ಹನ್ನೆರಡು ಜನ ಒಂದೇ ಟೈಮಿಗೆ ಶುರು ಮಾಡ್ತಾರೆ, ಅವತ್ತಿನ ವರ್ಕೌಟ್ ಬೋರ್ಡ್ ಮೇಲೆ ಬರೆದಿರುತ್ತೆ, ಕೋಚ್ ಮೊದಲಿಂದ ಕೊನೆವರೆಗೂ ಅಲ್ಲೇ ಇರ್ತಾರೆ. ಒಟ್ಟು 50 ನಿಮಿಷ, ಅದರಲ್ಲಿ ಮೊದಲ ಹತ್ತು ನಿಮಿಷ ವಾರ್ಮಪ್, ಆಮೇಲೆ ಅವತ್ತಿನ ಒಂದು ಮೂವ್‌ಮೆಂಟ್ ಕಲಿಯೋದು, ನಿಜವಾಗ್ಲೂ ಜೋರಾಗಿ ಮಾಡೋದು 12ರಿಂದ 20 ನಿಮಿಷ ಅಷ್ಟೇ, ಕೊನೆಗೆ ಉಸಿರು ಇಳಿಸ್ಕೊಂಡು ಸ್ಟ್ರೆಚ್. ಹೊರಗಿಂದ ನೋಡೋರಿಗೆ ಆ 15 ನಿಮಿಷದ ಗದ್ದಲ ಮಾತ್ರ ಕಾಣುತ್ತೆ, ಮಿಕ್ಕ ಅರ್ಧ ಗಂಟೆಲಿ ನಡೆಯೋ ಕೆಲಸ ಕಾಣಲ್ಲ.

ಗುಂಪಲ್ಲಿ ಸಾಮು ಮಾಡೋದು ನಮ್ಮೂರಿಗೆ ಹೊಸದೇನಲ್ಲ ನೋಡ್ರಿ. ಗರಡಿ ಮನೆಲಿ ಉಸ್ತಾದ್ ಮುಂದೆ ಸಾಲಾಗಿ ನಿಂತು ದಂಡ ಹೊಡೆದು ಬಸ್ಕಿ ತೆಗೆದೋರ ಮಕ್ಕಳು ಮೊಮ್ಮಕ್ಕಳೇ ಈಗ ನಮ್ಮ ಬ್ಯಾಚಲ್ಲಿ ಇರೋದು, ದುಗ್ಗಮ್ಮನ ಜಾತ್ರೆ ಕುಸ್ತಿ ನೋಡೋಕೆ ಈಗ್ಲೂ ಊರೇ ಸೇರುತ್ತೆ. ಆ ಉಸ್ತಾದರು ಹೊಸ ಹುಡುಗನ್ನ ಬಂದ ದಿನವೇ ಅಖಾಡದ ಮಣ್ಣಿಗೆ ಇಳಿಸ್ತಿರಲಿಲ್ಲ, ಮೊದಲು ಮೈ ಪಳಗಿಸ್ತಿದ್ರು. ನಾವು ಇಟ್ಕೊಂಡಿರೋ ಪದ್ಧತಿನೂ ಅದೇ.

ಹೈ ಇಂಟೆನ್ಸಿಟಿ ಅಂದ್ರೆ ಎಷ್ಟು ಜೋರು?

ನಿಮಗೆ ಎಷ್ಟೋ ಅಷ್ಟು. ತಪ್ಪಿಸ್ಕೊಳ್ಳೋಕೆ ಹೇಳಿದ ಮಾತಲ್ಲ ಇದು, ಲೆಕ್ಕನೇ ಹಂಗೆ. 24 ವರ್ಷದ ಇಂಜಿನಿಯರಿಂಗ್ ಹುಡುಗ ಬಾಕ್ಸ್ ಮೇಲೆ ಹಾರಿದಾಗ ಅವನ ಎದೆ ಎಷ್ಟು ಬಡ್ಕೊಳ್ಳುತ್ತೋ, 52 ವರ್ಷದ ಅಂಗಡಿ ಅಂಕಲ್ ಅದೇ ಬಾಕ್ಸನ್ನ ಒಂದೊಂದೇ ಕಾಲಿಟ್ಟು ಹತ್ತಿ ಇಳಿದ್ರೆ ಅವರ ಎದೆನೂ ಅಷ್ಟೇ ಬಡ್ಕೊಳ್ಳಬಹುದು. ಇಬ್ಬರೂ ಮಾಡ್ತಿರೋದು ಹೈ ಇಂಟೆನ್ಸಿಟಿನೇ.

ಅಳೆಯೋಕೆ ನಾವು ಬಳಸೋದು ತುಂಬಾ ಸರಳ. ಪೂರ್ತಿ ವಾಕ್ಯ ಆರಾಮಾಗಿ ಮಾತಾಡ್ತಿದ್ರೆ ಇನ್ನೂ ಹಗುರ, ಮಧ್ಯ ಮಧ್ಯ ಉಸಿರು ತಗೊಂಡು ಮಾತಾಡಿದ್ರೆ ಮಧ್ಯಮ, ಎರಡು ಮೂರು ಪದಕ್ಕಿಂತ ಜಾಸ್ತಿ ಬರ್ತಿಲ್ಲ ಅಂದ್ರೆ ಜೋರು. ಇದರ ಜೊತೆ ಹತ್ತರಲ್ಲಿ ಎಷ್ಟು ಅಂತ ಕೇಳ್ತೀವಿ, ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಸ್ಕೇಲಿಂದ ಬಂದ ಪದ್ಧತಿ ಇದು, ಕ್ಲಾಸಿನ ಜೋರು ಭಾಗದಲ್ಲಿ 7 ಅಥವಾ 8 ಇರಬೇಕು. ಹತ್ತಕ್ಕೆ ಹತ್ತು ದಿನಾ ಹೋಗೋ ಜಾಗ ಅಲ್ಲ.

ವಾಚಲ್ಲಿ ಹಾರ್ಟ್ ರೇಟ್ ನೋಡೋರು 220ರಲ್ಲಿ ವಯಸ್ಸು ಕಳೀತಾರಲ್ಲ, ಅದು ಅಂದಾಜು ಮಾತ್ರ, ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತಿಪ್ಪತ್ತು ಬಡಿತ ಹೆಚ್ಚುಕಮ್ಮಿ ಇರೋದು ಮಾಮೂಲಿ. 2001ರಲ್ಲಿ ಬಂದ ಇನ್ನೊಂದು ಸೂತ್ರ ಐತೆ, ವಯಸ್ಸನ್ನ 0.7ರಿಂದ ಗುಣಿಸಿ 208ರಲ್ಲಿ ಕಳೆಯೋದು, ವಯಸ್ಸಾದೋರಿಗೆ ಅದು ಸ್ವಲ್ಪ ಹತ್ರ ಬರುತ್ತೆ. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ತಗೊಳ್ಳೋರಿಗಂತೂ ವಾಚಿನ ನಂಬರ್ ಕೆಲಸಕ್ಕೇ ಬರಲ್ಲ, ಆ ಗುಳಿಗೆ ಬಡಿತನ ಏರೋಕೇ ಬಿಡಲ್ಲ, ಅಂಥೋರು ಉಸಿರು ಮತ್ತೆ ಮಾತು ನೋಡ್ಕೊಂಡೇ ಮಾಡಬೇಕು.

ರೀಲ್ಸಲ್ಲಿ 4 ನಿಮಿಷ ತಬಾಟಾ ಮಾಡಿದ್ರೆ ಸಾಕು ಅಂತಾರಲ್ಲ?

ಆ 4 ನಿಮಿಷ ಯಾವ್ದು ಅಂತ ಗೊತ್ತಾದ್ರೆ ಯಾರೂ ಹಂಗನ್ನಲ್ಲ. ಜಪಾನಿನ ಇಝುಮಿ ತಬಾಟಾ ಮತ್ತೆ ಅವರ ಜೊತೆಯೋರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ದೈಹಿಕ ಶಿಕ್ಷಣ ಓದೋ ಹುಡುಗರನ್ನ ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ 20 ಸೆಕೆಂಡ್ ತುಳಿತ 10 ಸೆಕೆಂಡ್ ವಿರಾಮ, ಹಿಂಗೆ ಏಳೆಂಟು ಸಲ, ಇನ್ನು ತುಳಿಯೋಕೇ ಆಗಲ್ಲ ಅನ್ನೋ ಮಟ್ಟಕ್ಕೆ. ವಾರಕ್ಕೆ 5 ದಿನದಂಗೆ 6 ವಾರ. ಅವರಿಗೆ ದಮ್ಮೂ ಏರ್ತು, ಜೋರಾಗಿ ಕೆಲಸ ಮಾಡೋ ಶಕ್ತಿನೂ ಏರ್ತು. ಆದ್ರೆ ಅವರು ಮೊದಲೇ ತಯಾರಾಗಿದ್ದ ಹುಡುಗರು, ಕೂತಿದ್ದು ಬೀಳೋಕಾಗದ ಸೈಕಲ್ ಮೇಲೆ. ಅದನ್ನ ಮನೆಲಿ ಟೈಲ್ಸ್ ಮೇಲೆ ಬರ್ಪಿ (ಕೈ ಊರಿ ಕಾಲು ಹಿಂದಕ್ಕೆ ಚಾಚಿ, ಮತ್ತೆ ಎದ್ದು ಹಾರೋದು) ಹಾರ್ಕೊಂಡು ಮಾಡೋದು ಬೇರೆನೇ ಕಥೆ. 20-10 ಟೈಮರ್ ನಾವೂ ಇಡ್ತೀವಿ, ಅದಕ್ಕೆ ಸರಿಯಾದ ಮೂವ್‌ಮೆಂಟ್ ಆರಿಸಿ, ಸರಿಯಾದ ತಿಂಗಳಲ್ಲಿ.

ಜಿಮ್ಮಿಗೆ ಹೋದ್ರೆ ಹಾರ್ಟ್ ಅಟ್ಯಾಕ್ ಆಗುತ್ತಂತೆ, ಮನೇಲಿ ಬೇಡ ಅಂತಿದಾರೆ

2021ರ ಅಕ್ಟೋಬರ್ 29ಕ್ಕೆ ಅಪ್ಪು ಸರ್ ಹೋದ್ರಲ್ಲ, 46ನೇ ವಯಸ್ಸಿಗೆ, ಅವತ್ತಿಂದ ಈ ಮಾತು ಬರದ ಮನೆ ಇಲ್ಲ. ಆ ವಾರ ರಾಜ್ಯದಲ್ಲಿ ಎಷ್ಟೋ ಜನ ಇಸಿಜಿ ಮಾಡಿಸೋಕೆ ಆಸ್ಪತ್ರೆ ಮುಂದೆ ಸಾಲು ನಿಂತಿದ್ರು. ಅವರ ದೇಹದಲ್ಲಿ ಏನಾಗಿತ್ತು ಅಂತ ಮಾತಾಡೋ ಹಕ್ಕು ನಮಗಿಲ್ಲ, ಆದ್ರೆ ನಿಮ್ಮ ಮನೆಯೋರ ಭಯನ ನಾವು ಸುಳ್ಳು ಅನ್ನಲ್ಲ.

ಎರಡು ಮಾತು ಒಟ್ಟಿಗೇ ನಿಜ. ವರ್ಷಗಟ್ಟಲೆ ನಿಯಮಿತವಾಗಿ ವ್ಯಾಯಾಮ ಮಾಡೋರಿಗೆ ಹೃದಯದ ಕಾಯಿಲೆ ಕಮ್ಮಿ, ಇದರಲ್ಲಿ ಅನುಮಾನನೇ ಇಲ್ಲ. ಹಂಗೇನೇ ಹೃದಯದಲ್ಲಿ ಮೊದಲೇ ತೊಂದ್ರೆ ಇದ್ದು ಅದು ಗೊತ್ತಿಲ್ದೆ, ಹತ್ತು ವರ್ಷ ಗಲ್ಲಾ ಮುಂದೆ ಕೂತಿದ್ದು ಒಂದಿನ ಏಕಾಏಕಿ ಜೋರು ಶುರು ಮಾಡಿದ್ರೆ, ಆ ಹೊತ್ತಿನಲ್ಲಿ ಅಪಾಯ ಜಾಸ್ತಿ, ಇದೂ ನಿಜ. ಚಿಕ್ಕ ವಯಸ್ಸಿನೋರಲ್ಲಿ ಇಂಥದ್ದು ಆದ್ರೆ ಹೆಚ್ಚಾಗಿ ಹುಟ್ಟಿನಿಂದ ಬಂದಿರೋ ಹೃದಯದ ಸ್ನಾಯುವಿನದ್ದೋ ಬಡಿತದ್ದೋ ದೋಷ ಇರುತ್ತೆ, 35 ದಾಟಿದೋರಲ್ಲಿ ರಕ್ತನಾಳದ ಬ್ಲಾಕ್.

ಅದಕ್ಕೆ ಸೇರೋ ದಿನ ಒಂದು ಫಾರ್ಮ್ ಕೊಡ್ತೀವಿ, ಕೆನಡಾದಲ್ಲಿ ಶುರುವಾಗಿ ಈಗ ಎಲ್ಲಾ ಕಡೆ ಬಳಸೋ ಏಳು ಪ್ರಶ್ನೆ ಅದರಲ್ಲಿ: ಹೃದಯದ ತೊಂದ್ರೆ ಅಂತ ಡಾಕ್ಟರ್ ಹೇಳಿದಾರಾ, ಮೈಗೆ ಕೆಲಸ ಕೊಟ್ಟಾಗ ಎದೆ ನೋವು ಬರುತ್ತಾ, ತಲೆ ಸುತ್ತಿ ಬಿದ್ದಿದೀರಾ, ಬಿಪಿ ಗುಳಿಗೆ ತಗೊಳ್ತೀರಾ, ಇಂಥವು. ದಯವಿಟ್ಟು ಎಲ್ಲಾದಕ್ಕೂ ಸುಮ್ನೆ ಇಲ್ಲ ಇಲ್ಲ ಅಂತ ಟಿಕ್ ಮಾಡಬೇಡಿ. ಒಂದಕ್ಕೆ ಹೌದು ಅಂತ ಬಂದ್ರೂ ಡಾಕ್ಟರ್ ಹತ್ರ ಹೋಗಿ ಬನ್ನಿ ಅಂತೀವಿ. 40 ದಾಟಿ ಇಷ್ಟು ದಿನ ಏನೂ ಮಾಡದೋರು, ಶುಗರ್, ಬಿಪಿ ಇರೋರು, ಸಿಗರೇಟ್ ಸೇದೋರು, ಅಪ್ಪ ಅಣ್ಣ ತಮ್ಮ ಯಾರಿಗಾದ್ರೂ 55ರ ಒಳಗೆ, ಅಮ್ಮ ಅಕ್ಕ ತಂಗಿಗೆ 65ರ ಒಳಗೆ ಹಾರ್ಟ್ ತೊಂದ್ರೆ ಆಗಿರೋರು, ಇವರೂ ಹೋಗಿ ಬರಬೇಕು. ಇಸಿಜಿ ನಾರ್ಮಲ್ ಬಂತು ಅಂದ್ರೆ ಬ್ಲಾಕೇ ಇಲ್ಲ ಅಂತಲ್ಲ, ಎಕೋ (ಹೃದಯದ ಸ್ಕ್ಯಾನ್) ಬೇಕಾ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡೋ ಟೆಸ್ಟ್) ಬೇಕಾ ಅಂತ ಡಾಕ್ಟರ್ ಹೇಳಲಿ, ನಮ್ಮೂರಲ್ಲಿ ಮೆಡಿಕಲ್ ಕಾಲೇಜುಗಳೇ ಇದಾವೆ, ತೋರಿಸ್ಕೊಳ್ಳೋಕೆ ಬೆಂಗಳೂರಿಗೇ ಹೋಗ್ಬೇಕು ಅಂತೇನಿಲ್ಲ.

ಜ್ವರ ಇದ್ದಾಗ ಬರಲೇಬೇಡಿ. ವೈರಲ್ ಜ್ವರದಲ್ಲಿ ಕೆಲವರಿಗೆ ಹೃದಯದ ಸ್ನಾಯುಗೇ ಊತ ಬಂದಿರುತ್ತೆ, ಅದರ ಮೇಲೆ ಜೋರು ಮಾಡೋದು ತುಂಬಾ ಅಪಾಯ. ಜ್ವರ ಬಿಟ್ಟ ಮೇಲೂ ಮೊದಲ ವಾರ ಹಗುರ.

ಕ್ಲಾಸ್ ಮಧ್ಯೆ ಎದೆ ಹಿಡ್ಕೊಂಡಂಗೆ ಆದ್ರೆ, ಎಡಗೈಗೋ ದವಡೆಗೋ ಬೆನ್ನಿಗೋ ನೋವು ಹರಿದ್ರೆ, ತಣ್ಣಗೆ ಬೆವರು ಬಂದ್ರೆ, ಕಣ್ಣು ಕತ್ತಲೆ ಕಟ್ಟಿದ್ರೆ ಆ ಕ್ಷಣ ನಿಲ್ಸಿ ಕೋಚ್‌ಗೆ ಹೇಳಿ. ಗ್ಯಾಸ್ಟ್ರಿಕ್ ಇರ್ಬೇಕು ಅಂತ ಮಜ್ಜಿಗೆ ಕುಡ್ಕೊಂಡು ಮನೆಗೆ ಹೋಗೋದು ಬೇಡ. ಯಾರಾದ್ರೂ ಕುಸಿದು ಬಿದ್ದು ಪ್ರಜ್ಞೆ ಇಲ್ಲ, ಉಸಿರು ಸರಿಯಾಗಿ ಇಲ್ಲ ಅಂದ್ರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ತಕ್ಷಣ ಎದೆ ಮಧ್ಯ ಎರಡೂ ಕೈಯಿಂದ ಒತ್ತೋಕೆ ಶುರು ಮಾಡಬೇಕು, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆದ್ರೂ ಒಳಗೆ ಇಳಿಬೇಕು, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬಾರ್ದು. ಬಾಯಿಗೆ ನೀರು ಹಾಕಬಾರ್ದು. ಇದನ್ನ ನಮ್ಮ ಕೋಚ್‌ಗಳು ಕಲಿತಿರಬೇಕು ಅನ್ನೋದು ಕಡ್ಡಾಯ, ಮೆಂಬರ್‌ಗಳಿಗೂ ಹೇಳ್ಕೊಡ್ತೀವಿ, ಮನೇಲಿ ವಯಸ್ಸಾದೋರು ಇರೋರು ಅವತ್ತು ತಪ್ಪಿಸ್ಕೊಬೇಡಿ.

ಮೊದಲ ತಿಂಗಳು ಏನು ಮಾಡಿಸ್ತೀರಿ? ಸೀದಾ ಕ್ಲಾಸಿಗೆ ಬರಬಹುದಾ?

ಬರೋಕಾಗಲ್ಲ. ಇದರ ಮೇಲೆ ನಮ್ಮ ಹತ್ರ ಜನ ಮುನಿಸ್ಕೊಂಡು ಹೋಗಿದಾರೆ, ಆದ್ರೂ ಇದನ್ನ ಬದಲಾಯಿಸಲ್ಲ. ಮೊದಲು ಕಲಿಯೋದು ಆರು ಚಲನೆ: ಕೂತು ಏಳೋದು, ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು, ಹೊತ್ಕೊಂಡು ನಡೆಯೋದು, ಹೊಟ್ಟೆ ಬಿಗಿ ಹಿಡಿದು ಉಸಿರಾಡೋದು. ಟೈಮರ್ ಹಾಕಲ್ಲ, ಜೋರು ಹಾಡೂ ಇರಲ್ಲ.

ಬಗ್ಗಿ ಎತ್ತೋದನ್ನೇ ತಗೊಳ್ಳಿ. ಕೆಟಲ್‌ಬೆಲ್ (ಮೇಲೆ ಹಿಡಿ ಇರೋ ಕಬ್ಬಿಣದ ಗುಂಡು) ಮುಂದಿಟ್ಟು ಎತ್ರಿ ಅಂದ್ರೆ ಹೆಚ್ಚಿನೋರು ಬೆನ್ನನ್ನ ಬಿಲ್ಲು ಮಾಡಿ ಕೈಯಲ್ಲಿ ಎಳೀತಾರೆ. ನಾವು ಅವರನ್ನ ಗೋಡೆಗೆ ಬೆನ್ನು ಮಾಡಿಸಿ ಒಂದು ಅಡಿ ದೂರ ನಿಲ್ಲಿಸ್ತೀವಿ, ಮಂಡಿ ಚೂರೇ ಸಡಿಲ ಬಿಟ್ಟು ಸೊಂಟನ ಹಿಂದಕ್ಕೆ ತಳ್ಳಿ ಗೋಡೆ ಮುಟ್ರಿ ಅಂತೀವಿ. ಮುಟ್ಟಿದ್ರಾ, ಒಂದು ಇಂಚು ಮುಂದೆ ಬನ್ನಿ, ಮತ್ತೆ ಮುಟ್ಟಿ. ನಾಲ್ಕೈದು ಸಲ ಆಗೋ ಹೊತ್ತಿಗೆ ತೊಡೆ ಹಿಂದೆ ಎಳೆತ ಗೊತ್ತಾಗುತ್ತೆ, ಮುಖದಲ್ಲೇ ಕಾಣುತ್ತೆ ಅದು. ಆಮೇಲೆ ಎರಡೂ ಪಾದದ ಮಧ್ಯ 8 ಕೆಜಿ ಇಟ್ಟು, ತುಂಬಿದ ಕೊಡನ ತುಳುಕದಂಗೆ ನೆಲದಿಂದ ಎತ್ತೋ ಥರ ಎತ್ತಿ ಅಂದ್ರೆ, ಬೆನ್ನು ತಾನಾಗೇ ನೆಟ್ಟಗೆ ಬರುತ್ತೆ. ಇಷ್ಟಕ್ಕೇ ಒಬ್ಬರಿಗೆ 20 ನಿಮಿಷ ಹೋಗುತ್ತೆ. ಆ 20 ನಿಮಿಷನ 40 ಸೆಕೆಂಡಿನ ಟೈಮರ್ ಓಡ್ತಿರೋವಾಗ ಕೊಡೋಕೆ ಯಾವ ಕೋಚ್ ಕೈಲೂ ಆಗಲ್ಲ.

ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ಬ್ಯಾಚಿಗೆ ಸೇರಿಸ್ತೀವಿ, ಕೆಲವರಿಗೆ ಎರಡೇ ವಾರ ಸಾಕಾಗುತ್ತೆ, ಕೆಲವರಿಗೆ ಎರಡು ತಿಂಗಳೂ ಬೇಕಾಗುತ್ತೆ. ಮಂಡಿಪೇಟೆ ಕಡೆ ಮೂಟೆ ಹೊತ್ತು ಕೆಲಸ ಮಾಡಿದೋರಿಗೆ ಬಗ್ಗಿ ಎತ್ತೋದು ನಾವು ಹೇಳ್ಕೊಡೋ ಮುಂಚೆನೇ ಬರುತ್ತೆ, ಕಂಪ್ಯೂಟರ್ ಮುಂದೆ ಕೂರೋರಿಗೆ ಭುಜ ಬಿಡಿಸೋಕೇ ಟೈಮ್ ಬೇಕು.

ಕ್ಲಾಸಲ್ಲಿ ಹನ್ನೆರಡು ಜನ, ಕೋಚ್ ಒಬ್ಬರು. ನನ್ನನ್ನ ಯಾರು ನೋಡ್ತಾರೆ?

ಒಳ್ಳೆ ಪ್ರಶ್ನೆ, ಯಾವ ಜಿಮ್ಮಿಗೆ ಹೋದ್ರೂ ಕೇಳ್ಬೇಕಾದ ಪ್ರಶ್ನೆ. ಕೋಚ್ ಕ್ಲಾಸ್ ನಡೆಯೋವಾಗ ತಾನು ವರ್ಕೌಟ್ ಮಾಡ್ತಿದ್ರೆ, ಫೋನ್ ನೋಡ್ತಿದ್ರೆ, ಸ್ಟೋರಿಗೆ ವಿಡಿಯೋ ಹಿಡೀತಿದ್ರೆ ಅಲ್ಲಿ ನಿಮ್ಮನ್ನ ಯಾರೂ ನೋಡ್ತಿಲ್ಲ ಅಂತ ಅರ್ಥ. ನಮ್ಮಲ್ಲಿ ಕೋಚ್ ಗೋಡೆ ಬದಿಯಿಂದ ಸುತ್ತು ಹಾಕ್ತಾ ಇರ್ತಾರೆ, ಎಲ್ಲರ ಬೆನ್ನೂ ಮಂಡಿನೂ ಪಕ್ಕದಿಂದ ಕಾಣೋ ಥರ. ಮೊದಲ ರೌಂಡಲ್ಲಿ ಯಾರು ಹೆಂಗೆ ಮಾಡ್ತಿದಾರೆ ಅಂತ ನೋಡಿಟ್ಕೊಳ್ಳೋದು, ಮೂರನೇ ರೌಂಡಲ್ಲಿ ಅದು ಎಲ್ಲಿ ಕೆಡ್ತು ಅಂತ ಹುಡುಕೋದು. ಸುಸ್ತಾದಾಗ ದೇಹ ಸುಳ್ಳು ಹೇಳಲ್ಲ. ಸ್ವಿಂಗ್ (ಕಾಲ ಮಧ್ಯದಿಂದ ಮುಂದಕ್ಕೆ ಬೀಸೋದು) ಮಾಡ್ತಿರೋರ ಕೆಟಲ್‌ಬೆಲ್ ಮಂಡಿ ಕೆಳಗೆ ಇಳಿಯೋಕೆ ಶುರು ಆಯ್ತು, ಗಲ್ಲ ಮೇಲೆ ಎದ್ದು ಉಸಿರು ಕಟ್ಟಿ ಹಿಡಿದ್ರು ಅಂದ್ರೆ ಮುಂದಿನದು ಸೊಂಟ ಹಿಡ್ಕೊಳ್ಳೋದೇ. ಆಗ ಕೋಚ್ ಹತ್ರ ಬಂದು ಮೆಲ್ಲಗೆ ಹೇಳ್ತಾರೆ, "ಅಣ್ಣಾ, 16 ಕೆಳಗಿಡ್ರಿ, 12 ತಗೊಳ್ರಿ, ಐದು ಮಾಡಿ ಉಸಿರು ತಗೊಳ್ರಿ." ಎಲ್ಲರ ಮುಂದೆ ಕೂಗಿ ಹೇಳಲ್ಲ, ಕೂಗಿದ್ರೆ ಆ ಅಣ್ಣ ಮರ್ಯಾದೆಗೆ ಬಿದ್ದು 16ನ್ನೇ ಎತ್ತುತಾರೆ.

ನಮ್ಮ ಪ್ರಕಾರ ಒಬ್ಬ ಕೋಚಿನ ಯೋಗ್ಯತೆ ಗೊತ್ತಾಗೋದು ಇಲ್ಲೇ. ಇನ್ನೂ ಇನ್ನೂ ಅಂತ ಚಪ್ಪಾಳೆ ತಟ್ಟಿ ಓಡಿಸೋಕೆ ಯಾರಿಗಾದ್ರೂ ಬರುತ್ತೆ, ಯಾರನ್ನ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗೋಕೆ ವರ್ಷಗಳು ಬೇಕು. ನಿಮ್ಮನ್ನ ನಿಲ್ಲಿಸಿದ ದಿನ ಬೇಜಾರ್ ಮಾಡ್ಕೊಬೇಡಿ.

ಸರ್ಟಿಫಿಕೇಟ್ ಬಗ್ಗೆನೂ ಕೇಳಿ, ಸಂಕೋಚ ಬೇಡ. ಎಸಿಇ, ಎನ್‌ಎಸ್‌ಸಿಎ, ಎಸಿಎಸ್‌ಎಂ ಇವು ಟ್ರೈನರ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಅಮೆರಿಕದ ಹಳೆ ಸಂಸ್ಥೆಗಳು, ಇಲ್ಲಿದ್ದೇ ಓದಿ ಪರೀಕ್ಷೆ ಬರೀಬಹುದು, ಪಟಿಯಾಲಾದ ಎನ್‌ಐಎಸ್ ಅನ್ನೋ ಕ್ರೀಡಾ ಸಂಸ್ಥೆಲಿ ಓದಿ ಬರೋರೂ ಇದಾರೆ. ಕಾಗದ ಇದ್ದ ಮಾತ್ರಕ್ಕೆ ಒಳ್ಳೆ ಕೋಚ್ ಅಂತೇನಿಲ್ಲ, ಆದ್ರೆ ಒಂದೂ ಇಲ್ಲ, ಮೈ ಮಾತ್ರ ಚೆನ್ನಾಗೈತೆ ಅಂದ್ರೆ ಯೋಚನೆ ಮಾಡಿ.

ಮಂಡಿ ನೋವು ಐತೆ. ಬಸ್ಕಿ, ಜಂಪಿಂಗ್ ಎಲ್ಲಾ ಆಗಲ್ಲ. ಬರಬಹುದಾ?

ಬರಬಹುದು, ಜಂಪಿಂಗ್ ಮಾಡಲೇಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಬಿದ್ದು ಊದ್ಕೊಂಡಿರೋ ಮಂಡಿ, ನಡೆಯೋವಾಗ ಲಾಕ್ ಆಗೋ ಮಂಡಿ ಆದ್ರೆ ಮೊದಲು ಆರ್ಥೋ ಡಾಕ್ಟರ್‌ಗೆ ತೋರಿಸಿ. ಮೆಟ್ಟಿಲು ಇಳಿಯೋವಾಗ ನೋಯೋದು, ಕೂತು ಎದ್ದಾಗ ಹಿಡಿಯೋದು, ಇಂಥದ್ದಕ್ಕೆ ಹೆಚ್ಚಿನ ಸಲ ತೊಡೆ ಮತ್ತೆ ಪೃಷ್ಠದ ಸ್ನಾಯು ಗಟ್ಟಿ ಮಾಡೋದೇ ದಾರಿ, ಪೂರ್ತಿ ರೆಸ್ಟ್ ಕೊಟ್ರೆ ಇನ್ನೂ ಸೊರಗುತ್ತೆ.

ಶುರು ಮಾಡೋದು ಬೆಂಚಿಂದ. ಬೆಂಚ್ ಮೇಲೆ ಕೂತು ಏಳಿ, ಅದು ಸಲೀಸಾದ್ರೆ ಬೆಂಚ್ ತಗ್ಗಿಸ್ತೀವಿ. ಹಿಮ್ಮಡಿ ಮೇಲೇಳ್ತಿದ್ರೆ ಅಡಿಗೆ ಎರಡೂವರೆ ಕೆಜಿ ಪ್ಲೇಟ್ ಇಡ್ತೀವಿ. ಮಂಡಿ ಕಾಲ್ಬೆರಳು ದಾಟಬಾರ್ದು ಅಂತ ಹಳೆ ಮಾತೊಂದು ಐತಲ್ಲ, ಎಲ್ಲರಿಗೂ ಅದನ್ನೇ ಹಿಡ್ಕೊಂಡು ಕೂರೋ ಅಗತ್ಯ ಇಲ್ಲ, ಮೆಟ್ಟಿಲು ಇಳಿಯೋವಾಗ ದಿನಾ ದಾಟುತ್ತೆ, ಭಾರ ನಿಧಾನ ಏರಿಸಿದ್ರೆ ಆಯ್ತು. ಮಾಡೋವಾಗ ನೋವು ಹತ್ತರಲ್ಲಿ ಮೂರರ ಒಳಗಿರಬೇಕು, ಮಾರನೇ ದಿನಕ್ಕೆ ಮೊದಲಿನಂಗೆ ಆಗಿರಬೇಕು, ಇಲ್ಲ ಅಂದ್ರೆ ಮುಂದಿನ ಸಲ ಕಮ್ಮಿ ಮಾಡ್ತೀವಿ. ಇನ್ನೊಂದು ನಾವು ಗಮನಿಸಿರೋದು, ಈಗ್ಲೂ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡೋ ಮನೆಯ 60 ದಾಟಿದ ಅಮ್ಮಂದಿರು ಬಸ್ಕಿಗೆ ಇಳಿಯೋ ಚಂದ, ಸೋಫಾದಲ್ಲೇ ಬೆಳೆದ ಹುಡುಗರಿಗೆ ಬರಲ್ಲ.

ಬರ್ಪಿ ಮಾಡಲೇಬೇಕಾ?

ಇಲ್ಲ. ರಾಯಲ್ ಬರ್ಪಿ ಅನ್ನೋ ಅಮೆರಿಕದ ಶರೀರಶಾಸ್ತ್ರಜ್ಞರು 1930ರ ದಶಕದಲ್ಲಿ ಜನರ ಫಿಟ್‌ನೆಸ್ ಅಳೆಯೋಕೆ ಮಾಡಿದ ಸಣ್ಣ ಟೆಸ್ಟ್ ಅದು, ಅವರದ್ದರಲ್ಲಿ ಹಾರೋದೂ ಇರಲಿಲ್ಲ, ಪುಷಪ್ಪೂ ಇರಲಿಲ್ಲ. ಬಾಕ್ಸ್ ಮೇಲೆ ಕೈ ಊರಿ ಒಂದೊಂದೇ ಕಾಲು ಹಿಂದಿಟ್ಟು ಮಾಡಿದ್ರೂ ದಮ್ಮು ಬರುತ್ತೆ.

ಎಷ್ಟು ದಿನದಲ್ಲಿ ತೂಕ ಇಳಿಯುತ್ತೆ? ಬೆಣ್ಣೆ ದೋಸೆ ಬಿಡಬೇಕಾ?

ತಿಂಗಳಿಗೆ ಹತ್ತು ಕೆಜಿ ಅಂತ ಬೋರ್ಡ್ ಹಾಕಿರೋರ ಹತ್ರ ಹೋಗಬೇಡಿ, ನಮ್ಮ ಹತ್ರ ಬರದಿದ್ರೂ ಪರವಾಗಿಲ್ಲ. ವಾರಕ್ಕೆ ಅರ್ಧ ಕೆಜಿ ಇಳಿದ್ರೆ ಚೆನ್ನಾಗಿ ನಡೀತೈತೆ ಅಂತ. ವರ್ಕೌಟ್ ಮುಗಿದ ಮೇಲೂ 24 ಗಂಟೆ ಕೊಬ್ಬು ಕರಗ್ತಾನೇ ಇರುತ್ತೆ ಅನ್ನೋ ಪ್ರಚಾರ ಐತಲ್ಲ, ಅದರಲ್ಲಿ ಸ್ವಲ್ಪ ನಿಜ ಐತೆ ಆದ್ರೆ ಆ ಪ್ರಮಾಣ ತುಂಬಾ ಚಿಕ್ಕದು, ಅದನ್ನ ನಂಬ್ಕೊಂಡು ಊಟ ಜಾಸ್ತಿ ಮಾಡೋ ಹಂಗಿಲ್ಲ. ತೂಕ ಇಳಿಯೋದ್ರಲ್ಲಿ ದೊಡ್ಡ ಪಾಲು ಅಡುಗೆ ಮನೆದು.

ಬೆಣ್ಣೆ ದೋಸೆ ಬಿಡಿ ಅಂತ ದಾವಣಗೆರೆಲಿ ಕೂತು ಹೇಳೋಕೆ ನಮಗೆ ಮನಸ್ಸಿಲ್ಲ. ಭಾನುವಾರ ಮನೆಯೋರ ಜೊತೆ ಹೋಗಿ ತೃಪ್ತಿಯಾಗಿ ತಿನ್ನಿ. ತೊಂದ್ರೆ ಕೊಡೋದು ಬೇರೆ, ದಿನಾ ಸಂಜೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ, ಅದರ ಮೇಲೆ ಸಕ್ಕರೆ ಟೀ, ರಾತ್ರಿ ಹತ್ತೂವರೆಗೆ ಅಂಗಡಿ ಮುಚ್ಚಿ ಬಂದು ಹೊಟ್ಟೆ ತುಂಬ ಊಟ. ಇದರಲ್ಲಿ ಮಿರ್ಚಿ ವಾರದಲ್ಲಿ ಎರಡು ದಿನಕ್ಕೆ ಇಳಿಸಿ, ರಾತ್ರಿ ಊಟ ಒಂದು ಗಂಟೆ ಹಿಂದಕ್ಕೆ ತಂದ್ರೆ ಎಷ್ಟೋ ಜನಕ್ಕೆ ಅಲ್ಲೇ ಬದಲಾವಣೆ ಕಾಣುತ್ತೆ. ತೂಕದ ಜೊತೆ ಸೊಂಟದ ಸುತ್ತಳತೆ ನೋಡಿ, ನಮ್ಮ ಭಾರತದೋರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದ್ರೆ ಶುಗರ್ ಹಾರ್ಟ್ ತೊಂದ್ರೆಗಳ ಅಪಾಯ ಏರುತ್ತೆ.

ಪ್ರೋಟೀನ್ ಪೌಡರ್ ತಗೋಬೇಕಾ?

ಮೊದಲು ತಟ್ಟೆ ನೋಡೋಣ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪಟ್ಟಿ ಪ್ರಕಾರ ಸಾಮಾನ್ಯ ಜನಕ್ಕೆ ತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಭಾರ ಎತ್ತಿ ಟ್ರೈನಿಂಗ್ ಮಾಡೋರಿಗೆ 1.4ರಿಂದ 2 ಗ್ರಾಂ ಒಳ್ಳೇದು ಅಂತಾರೆ. 65 ಕೆಜಿ ಇರೋರಿಗೆ 90 ಗ್ರಾಂ ಹತ್ರ ಆಯ್ತು. ಒಂದು ಮೊಟ್ಟೆಲಿ 6 ಗ್ರಾಂ, ಒಂದು ಲೋಟ ಹಾಲಲ್ಲಿ 7-8, ಒಂದು ಹಿಡಿ ಶೇಂಗಾದಲ್ಲಿ 7, ನೂರು ಗ್ರಾಂ ಪನೀರಲ್ಲಿ 18ರ ಆಸುಪಾಸು, ಒಣ ಸೋಯಾ ಚಂಕ್ಸ್ ನೂರು ಗ್ರಾಮಿಗೆ 50 ದಾಟುತ್ತೆ. ರೊಟ್ಟಿ ಜೊತೆ ಕಾಳು ಪಲ್ಯ ಎರಡು ಸೌಟು ಜಾಸ್ತಿ ಹಾಕಿಸ್ಕೊಳ್ಳಿ, ಸಾರಲ್ಲಿ ಬೇಳೆ ತಳದಿಂದ ಬರಲಿ, ಮಂಡಕ್ಕಿಗೆ ಶೇಂಗಾ ಹುರಿಗಡಲೆ ಸೇರಿಸಿ. ಇಷ್ಟಾದ ಮೇಲೂ ಸಾಲ್ತಿಲ್ಲ, ಟೈಮಿಲ್ಲ ಅಂದ್ರೆ ಒಂದು ಸ್ಕೂಪ್ ವೇ (whey) ಪ್ರೋಟೀನ್ ಪೌಡರ್ ತಗೊಳ್ಳೋದ್ರಲ್ಲಿ ತಪ್ಪಿಲ್ಲ, ಅದು ಹಾಲಿಂದ ಬಂದಿದ್ದೇ. ಬಿಲ್ ಕೊಡದ ಅಂಗಡಿಲಿ ತಗೋಬೇಡಿ. ಕಿಡ್ನಿ ತೊಂದ್ರೆ ಇರೋರು ಡಾಕ್ಟರ್ ಕೇಳದೆ ಮುಟ್ಟಬೇಡಿ. ಇಂಜೆಕ್ಷನ್, ಮೈ ಬರಿಸೋ ಗುಳಿಗೆ ಅಂತ ಯಾರಾದ್ರೂ ಹೇಳಿದ್ರೆ ಅವರ ಸಹವಾಸನೇ ಬಿಟ್ಬಿಡಿ.

ವಾರಕ್ಕೆ ಎಷ್ಟು ದಿನ ಬರಬೇಕು?

ಜೋರು ಕ್ಲಾಸ್ ವಾರಕ್ಕೆ ಮೂರು ಸಾಕು, ಮಧ್ಯೆ ಒಂದೊಂದು ದಿನ ಬಿಟ್ಟು. ಮಿಕ್ಕ ದಿನ ಕುಂದುವಾಡ ಕೆರೆ ಸುತ್ತ ವಾಕಿಂಗ್ ಮಾಡಿ, ಅದೂ ಟ್ರೈನಿಂಗೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಇಲ್ಲ 75ರಿಂದ 150 ನಿಮಿಷ ಜೋರು, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡೋ ಕೆಲಸ. ಮೂರು ಕ್ಲಾಸ್ ಮತ್ತೆ ವಾಕಿಂಗಲ್ಲಿ ಇದು ಮುಗಿಯುತ್ತೆ. ಆರು ದಿನನೂ ಜೋರೇ ಬೇಕು ಅಂತ ಹಟ ಹಿಡಿಯೋರಿಗೆ ನಿದ್ದೆ ಕೆಡುತ್ತೆ, ಸಿಟ್ಟು ಜಾಸ್ತಿ ಆಗುತ್ತೆ, ಎತ್ತೋ ಭಾರ ಏರೋದು ನಿಲ್ಲುತ್ತೆ, ನಾವು ನೋಡ್ತಾನೇ ಇರ್ತೀವಿ.

ಮೈ ಕೈ ನೋವು ಎಷ್ಟು ದಿನ ಇರುತ್ತೆ?

ಎರಡನೇ ದಿನ ಜಾಸ್ತಿ, ಮೂರ್ನಾಲ್ಕು ದಿನಕ್ಕೆ ಹೋಗುತ್ತೆ, ಗುಳಿಗೆ ಬೇಡ, ಸ್ವಲ್ಪ ಓಡಾಡಿ. ನೋವು ಬಂದ್ರೇನೇ ವರ್ಕೌಟ್ ಆಗಿದೆ ಅಂತನೂ ಅಲ್ಲ. ಒಂದು ಎಚ್ಚರಿಕೆ ಮಾತ್ರ ನೆನಪಿಡಿ: ತೊಡೆನೋ ತೋಳೋ ಊದಿ ಮಡಚೋಕೇ ಆಗ್ತಿಲ್ಲ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂತು ಅಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರಲ್ಲಿರೋದು ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತೆ. ಮೊದಲ ದಿನವೇ ನೂರಿನ್ನೂರು ಬಸ್ಕಿ ತೆಗೆಸೋ ಕಡೆ, ಬೇಸಿಗೆಲಿ, ನೀರು ಕುಡಿಯದೋರಿಗೆ ಹಿಂಗಾಗುತ್ತೆ.

ಹೆಂಗಸರಿಗೆ ಬೇರೆ ಬ್ಯಾಚ್ ಐತಾ? ಭಾರ ಎತ್ತಿದ್ರೆ ಗಂಡಸರ ಥರ ಆಗ್ತೀವಾ?

ಮಕ್ಕಳನ್ನ ಸ್ಕೂಲಿಗೆ ಕಳಿಸಿ ಬರೋರಿಗೆ ಅಂತನೇ ಹತ್ತೂವರೆ ಬ್ಯಾಚ್ ಐತೆ, ಕೋಚೂ ಹೆಂಗಸರೇ. ಬೆಳಿಗ್ಗೆ ಎಲ್ಲರ ಜೊತೆ ಬರೋರೂ ಇದಾರೆ. ಭಾರ ಎತ್ತಿದ್ರೆ ಗಂಡಸರ ಥರ ಆಗಲ್ಲ, ಅಷ್ಟು ಟೆಸ್ಟೋಸ್ಟಿರಾನ್ ದೇಹದಲ್ಲಿ ಇರಲ್ಲ. ಮುಟ್ಟು ನಿಲ್ಲೋ ವಯಸ್ಸಲ್ಲಿ ಮೂಳೆ ಸವೀತಾ ಹೋಗುತ್ತೆ, ಅದನ್ನ ತಡೆಯೋಕೆ ಭಾರ ಎತ್ತೋದು ತುಂಬಾ ಸಹಾಯ, ಅದಕ್ಕೆ 45 ದಾಟಿದ ಅಕ್ಕಂದಿರಿಗೆ ನಾವು ಡಂಬೆಲ್ ಬಿಡಿಸೋದೇ ಇಲ್ಲ.

ಮುಟ್ಟಿನ ದಿನ ಬರಬಹುದು, ಹೊಟ್ಟೆ ನೋವಿದ್ರೆ ಹಗುರ ಮಾಡಿ, ಬೇಡ ಅನ್ಸಿದ್ರೆ ಮನೇಲಿರಿ. ಬಸುರಿ ಇದ್ದಾಗ ಹೊಸದಾಗಿ ಈ ಥರದ ಕ್ಲಾಸ್ ಶುರು ಮಾಡೋದು ಬೇಡ, ಮೊದಲಿಂದ ಮಾಡ್ತಿದ್ರೆ ಡಾಕ್ಟರ್ ಒಪ್ಪಿಗೆ ತಗೊಂಡು ಬದಲಾಯಿಸ್ಕೊಂಡು ಮಾಡಬಹುದು. ಬಾಣಂತನ ಮುಗಿಸಿ ಬರೋರು ಡಾಕ್ಟರ್‌ಗೆ ತೋರಿಸ್ಕೊಂಡು ಬನ್ನಿ, ಮೊದಲು ಉಸಿರು ಮತ್ತೆ ಹೊಟ್ಟೆ ಕೆಳಭಾಗದ ಸ್ನಾಯುಗಳ ಕೆಲಸ, ಹಾರೋದು ಓಡೋದು ಕಮ್ಮಿ ಅಂದ್ರೂ ಮೂರು ತಿಂಗಳು ಆದ ಮೇಲೆ.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಕೇಳಲ್ಲ, ಅದಕ್ಕೆ ನಾವೇ ಬರೀತೀವಿ. ಸ್ಕಿಪ್ಪಿಂಗ್ ಮಾಡೋವಾಗ, ಹಾರೋವಾಗ ಎರಡು ಹನಿ ಮೂತ್ರ ಸೋರುತ್ತೆ ಅಂತ ಎಷ್ಟೋ ಜನ ನಾಲ್ಕು ದಿನ ಬಂದು ಕಾರಣ ಹೇಳದೆ ಬಿಟ್ಬಿಡ್ತಾರೆ. ಹೆರಿಗೆ ಆದೋರಲ್ಲಿ ಇದು ತುಂಬಾ ಸಾಮಾನ್ಯ, ನಾಚಿಕೆ ಪಡೋ ವಿಷಯನೇ ಅಲ್ಲ, ಸರಿಯಾದ ವ್ಯಾಯಾಮದಿಂದ ಹೆಚ್ಚಿನೋರಿಗೆ ಸುಧಾರಿಸುತ್ತೆ. ಲೇಡಿ ಕೋಚ್ ಕಿವಿಗೆ ಒಂದು ಮಾತು ಹಾಕಿ ಸಾಕು, ಬೋರ್ಡಲ್ಲಿ ಜಂಪ್ ಇರೋ ಕಡೆ ನಿಮಗೆ ಬೇರೆ ಕೊಡ್ತಾರೆ, ಯಾಕೆ ಅಂತ ಪಕ್ಕದೋರಿಗೂ ಗೊತ್ತಾಗಲ್ಲ.

ಶುಗರ್, ಬಿಪಿ ಇರೋರು?

ಡಾಕ್ಟರ್ ಹೂಂ ಅಂದ್ರೆ ಖಂಡಿತ ಬನ್ನಿ, ಇಬ್ಬರಿಗೂ ಒಳ್ಳೇದೇ. ಇನ್ಸುಲಿನ್ ತಗೊಳ್ಳೋರು, ಕೆಲವು ಶುಗರ್ ಗುಳಿಗೆ ತಗೊಳ್ಳೋರು ಖಾಲಿ ಹೊಟ್ಟೇಲಿ ಬರಬಾರ್ದು, ಶುಗರ್ ಲೋ ಆಗಿ ಕೈ ನಡುಕ, ಬೆವರು, ತಲೆ ಗಿಮ್ ಅನ್ನೋದು ಶುರು ಆಗುತ್ತೆ, ಬ್ಯಾಗಲ್ಲಿ ಗ್ಲುಕೋಸ್ ಇಟ್ಕೊಂಡಿರಿ, ನಿಮಗೆ ಶುಗರ್ ಇರೋದು ಕೋಚ್‌ಗೆ ಗೊತ್ತಿರಲಿ. ಬಿಪಿ ಇರೋರು ಭಾರ ಎತ್ತೋವಾಗ ಉಸಿರು ಕಟ್ಟಬೇಡಿ, ಎತ್ತೋವಾಗ ಬಿಡಿ. ಜೋರು ಮಾಡಿ ಏಕ್‌ದಮ್ ನಿಂತ್ಬಿಡಬೇಡಿ, ಎರಡು ನಿಮಿಷ ನಡೀರಿ.

ರೋಜಾ, ಶ್ರಾವಣದ ಉಪವಾಸ, ಮಾಲೆ ಹಾಕಿದಾಗ?

ರಂಜಾನಲ್ಲಿ ಇಫ್ತಾರ್ ಆಗಿ ಒಂದೂವರೆ ಎರಡು ಗಂಟೆ ಬಿಟ್ಟು ಬರೋದು ಎಲ್ಲಕ್ಕಿಂತ ಒಳ್ಳೇದು, ಆ ತಿಂಗಳು ರಾತ್ರಿ ಒಂದು ಬ್ಯಾಚ್ ಇಡ್ತೀವಿ. ನೀರೂ ಕುಡಿಯದ ಹಗಲಲ್ಲಿ ಜೋರು ಬೇಡವೇ ಬೇಡ. ಒಪ್ಪತ್ತು ಇರೋರು, ಅಯ್ಯಪ್ಪ ಮಾಲೆ ಹಾಕಿರೋರು ಭಾರ ಕಮ್ಮಿ ಮಾಡಿ ಬರಬಹುದು. ಇರೋದನ್ನ ಉಳಿಸ್ಕೊಂಡ್ರೆ ಸಾಕು ಆ ತಿಂಗಳು.

ಏಪ್ರಿಲ್ ಮೇ ಬಿಸಿಲಲ್ಲಿ ಹೆಂಗೆ?

ಆ ಎರಡು ತಿಂಗಳು ಬೆಳಿಗ್ಗೆ ಬ್ಯಾಚ್ ಐದೂವರೆಗೇ ಶುರು, ಸಂಜೆದು ಏಳರ ಮೇಲೆ. ಮೊದಲ ಹತ್ತು ದಿನ ಎಲ್ಲರಿಗೂ ರೌಂಡ್ ಕಮ್ಮಿ ಮಾಡ್ತೀವಿ, ಸೆಕೆಗೆ ಮೈ ಹೊಂದ್ಕೊಳ್ಳೋಕೆ ಒಂದೆರಡು ವಾರ ಬೇಕೇಬೇಕು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆಹಣ್ಣಿನ ಶರಬತ್ತು, ಓಆರ್‌ಎಸ್ ಯಾವ್ದಾದ್ರೂ ಸರಿ. ತಲೆ ನೋವು, ವಾಕರಿಕೆ, ಚಳಿ ಆದಂಗೆ ಅನ್ಸಿದ್ರೆ ಫ್ಯಾನ್ ಕೆಳಗೆ ಕೂತು ಮೈ ಮೇಲೆ ನೀರು ಹಾಕ್ಕೊಳ್ಳಿ. ಯಾರಾದ್ರೂ ತೊದಲ್ತಿದ್ರೆ, ಏನೇನೋ ಮಾತಾಡ್ತಿದ್ರೆ ತಣ್ಣೀರು ಸುರೀತಾನೇ 108ಕ್ಕೆ ಫೋನ್ ಮಾಡ್ಬೇಕು.

ಗುಟ್ಕಾ ಬಿಡೋಕಾಗ್ತಿಲ್ಲ, ಪರವಾಗಿಲ್ವಾ?

ಬಾಯಲ್ಲಿ ಇಟ್ಕೊಂಡು ಒಳಗೆ ಬರೋ ಹಂಗಿಲ್ಲ. ತಂಬಾಕಲ್ಲಿರೋ ನಿಕೋಟಿನ್ ಎದೆ ಬಡಿತ, ಬಿಪಿ ಎರಡನ್ನೂ ಏರಿಸುತ್ತೆ, ಅದರ ಮೇಲೆ ನಾವು ಏರಿಸಿದ್ರೆ ಹೃದಯಕ್ಕೆ ಎರಡು ಕಡೆಯಿಂದ ಹೊರೆ. ಬಿಡೋಕೆ ಸಹಾಯ ಬೇಕಂದ್ರೆ 1800-11-2356 ಅಂತ ಕೇಂದ್ರ ಸರ್ಕಾರದ ಟೋಲ್ ಫ್ರೀ ನಂಬರ್ ಐತೆ, ಫೋನ್ ಮಾಡಿ. ಬಿಟ್ಟ ಮೇಲೆ ಬನ್ನಿ ಅಂತ ನಾವು ಹೇಳಲ್ಲ, ಬಿಡ್ತಾ ಬಿಡ್ತಾ ಬನ್ನಿ.

ಮಕ್ಕಳನ್ನ ಕರ್ಕೊಂಡು ಬರಬಹುದಾ?

14 ದಾಟಿದ್ರೆ, ಅಪ್ಪ ಅಮ್ಮ ಸಹಿ ಹಾಕಿದ್ರೆ. ಭಾರ ಎತ್ತಿದ್ರೆ ಎತ್ತರ ನಿಲ್ಲುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಕಲಿಸೋರು ಪಕ್ಕ ಇರಬೇಕು ಅಷ್ಟೇ. ಎಸ್ಸೆಸ್ಸೆಲ್ಸಿ ಅಂತ ವರ್ಷ ಪೂರ್ತಿ ಬಿಡಿಸಬೇಡಿ.

ಲೇಟಾಗಿ ಬಂದ್ರೆ ಸೇರಿಸ್ಕೊಳ್ತೀರಾ?

ಹತ್ತು ನಿಮಿಷ ದಾಟಿದ್ರೆ ಇಲ್ಲ. ವಾರ್ಮಪ್ ಇಲ್ದೆ ಸೀದಾ ಜೋರಿಗೆ ಇಳಿಸಲ್ಲ. ಪಕ್ಕದಲ್ಲಿ ಸ್ಟ್ರೆಚ್ ಮಾಡ್ಕೊಂಡು ಮುಂದಿನ ಬ್ಯಾಚಿಗೆ ಕಾಯಬಹುದು.

ಮೊದಲ ದಿನ ಏನು ತರಬೇಕು?

ಅಡಿ ಸಪಾಟಾಗಿರೋ ಶೂ, ದಪ್ಪ ಮೆತ್ತೆ ಇರೋ ರನ್ನಿಂಗ್ ಶೂ ಆದ್ರೆ ಭಾರ ಎತ್ತೋವಾಗ ಕಾಲು ಅಲ್ಲಾಡುತ್ತೆ. ಒಂದು ಟವೆಲ್, ಒಂದು ಲೀಟರ್ ನೀರು. ಉಂಗುರ, ಬಳೆ ಮನೇಲೇ ತೆಗೆದಿಟ್ಟು ಬನ್ನಿ, ಕೆಟಲ್‌ಬೆಲ್ ಹಿಡಿಗೆ ಸಿಕ್ಕಿ ಬೆರಳಿಗೆ ಪೆಟ್ಟಾಗುತ್ತೆ. ಒಂದು ಗಂಟೆ ಮುಂಚೆ ಬಾಳೆಹಣ್ಣೋ ಎರಡು ಖರ್ಜೂರನೋ ತಿಂದಿರಿ, ಹೊಟ್ಟೆ ತುಂಬ ತಿಂದು ಬರಬೇಡಿ. ಹಳೆ ರಿಪೋರ್ಟ್, ತಗೊಳ್ತಿರೋ ಗುಳಿಗೆ ಚೀಟಿ ಇದ್ರೆ ಜೊತೆಗೆ ತನ್ನಿ. ಹದಿನೈದು ನಿಮಿಷ ಮುಂಚೆ ಬಂದ್ರೆ ಕೋಚ್ ಜೊತೆ ಕೂತು ಆ ಏಳು ಪ್ರಶ್ನೆ ಮುಗಿಸಿಬಿಡೋಣ.